ಲಸಿಕೆ ಪಡೆದವರಿಗೂ ಕಾಯಿಲೆ ಬಂದರೆ ಲಸಿಕೆ ವ್ಯರ್ಥವೇ?

ಮೊಬೈಲಿಗೆ ಬರುವ ಆರೋಗ್ಯ ಸಂದೇಶಗಳಲ್ಲಿ ಸಾಮಾನ್ಯವಾಗಿ ಎರಡು ಗುಂಪುಗಳ ಹೋಲಿಕೆ ಇರುತ್ತದೆ. ಈ ಔಷಧಿ ಸೇವಿಸಿದವರಲ್ಲಿ ಇಷ್ಟು ಮಂದಿ ಗುಣವಾದರು, ಸೇವಿಸದವರಲ್ಲಿ ಇಷ್ಟೇ ಮಂದಿ ಎಂದು ಒಂದು ಸಂದೇಶ. ಲಸಿಕೆ ಪಡೆದವರಿಗೂ ಕಾಯಿಲೆ ಬಂತು, ಮತ್ತೇಕೆ ಲಸಿಕೆ ಎಂದು ಇನ್ನೊಂದು. ಬಂದ ಸುದ್ದಿಯನ್ನು ಪರಿಶೀಲಿಸದೆ ನಂಬಿ ಜನರಿಗೆ ಹಾನಿ ಮಾಡಬಾರದು ಎಂಬುದು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 6ನೇ ವಚನ ನಮಗೆ ಕಲಿಸುವ ಪಾಠ. ಸಂಖ್ಯೆಯೂ ಒಂದು ಸುದ್ದಿಯೇ. ಅದನ್ನು ಪರಿಶೀಲಿಸುವ ಒಂದು ಬಗೆಯನ್ನು ಈ ಸಂಚಿಕೆಯಲ್ಲಿ ಕಲಿಯೋಣ.

ನಮ್ಮ ಸಮೀಪದ ಉದಾಹರಣೆ

ಪಾಣೆಮಂಗಳೂರಿನವರಿಗೆ ಮಂಗನ ಕಾಯಿಲೆ ದೂರದ ಮಾತೆನಿಸಬಹುದು. 1957ರಲ್ಲಿ ಅದನ್ನು ಮೊದಲು ಗುರುತಿಸಿದ್ದು ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಆದರೆ ನಮ್ಮೂರಿಗೆ ಹರಿದು ಬರುವ ನೇತ್ರಾವತಿ ಹಾದು ಬರುವ ಬೆಳ್ತಂಗಡಿ ತಾಲೂಕಿನಲ್ಲೇ 1982-83ರಲ್ಲಿ ಅದು ಭೀಕರವಾಗಿ ಹರಡಿತ್ತು. ಗೇರು ತೋಟಕ್ಕಾಗಿ ಕಾಡು ಕಡಿದ ಪ್ರದೇಶದಲ್ಲಿ ಅದು ಕಾಣಿಸಿಕೊಂಡಿತು. ಉಣ್ಣಿಯ ಕಡಿತದಿಂದ ಹರಡುವ ಈ ಜ್ವರಕ್ಕೆ ನೇರವಾದ ಔಷಧಿ ಇಲ್ಲ. ಆದ್ದರಿಂದ ಕಾಡಂಚಿನ ಊರುಗಳಲ್ಲಿ ಹಲವು ವರ್ಷ ಲಸಿಕೆ ನೀಡಲಾಯಿತು.

ಆ ಲಸಿಕೆ ಎಷ್ಟು ಫಲ ಕೊಟ್ಟಿತು? ಕರ್ನಾಟಕದಲ್ಲಿ 2005ರಿಂದ 2010ರವರೆಗಿನ ಲೆಕ್ಕವನ್ನು ಪರಿಶೀಲಿಸಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಪ್ರಯೋಗಾಲಯದಲ್ಲಿ ದೃಢಪಟ್ಟ ರೋಗಿಗಳು 168. ಅವರಲ್ಲಿ ಲಸಿಕೆ ಪಡೆಯದವರು 134, ಒಂದು ಡೋಸ್ ಪಡೆದವರು 9, ಎರಡು ಡೋಸ್ ಪಡೆದವರು 13, ಎರಡರ ನಂತರ ಬೂಸ್ಟರ್ ಕೂಡ ಪಡೆದವರು 12.

ಇಷ್ಟನ್ನೇ ಓದಿದವರು ಎರಡು ತೀರ್ಮಾನಕ್ಕೆ ಬರಬಹುದು. ಲಸಿಕೆ ಪಡೆದ 34 ಮಂದಿಗೂ ಕಾಯಿಲೆ ಬಂತು, ಆದ್ದರಿಂದ ಅದು ವ್ಯರ್ಥ ಎಂದು ಒಬ್ಬರು. ರೋಗಿಗಳಲ್ಲಿ ಶೇ. 80ರಷ್ಟು ಮಂದಿ ಲಸಿಕೆ ಪಡೆಯದವರು, ಆದ್ದರಿಂದ ಅದು ಫಲಕಾರಿ ಎಂದು ಇನ್ನೊಬ್ಬರು. ಇಬ್ಬರದ್ದೂ ಅವಸರ. ರೋಗಿಗಳನ್ನು ಮಾತ್ರ ಎಣಿಸಿದರೆ ಸಾಲದು. ಲಸಿಕೆ ಪಡೆದ ಒಟ್ಟು ಜನರಲ್ಲಿ ಎಷ್ಟು ಪಾಲಿಗೆ ಕಾಯಿಲೆ ಬಂತು, ಪಡೆಯದ ಒಟ್ಟು ಜನರಲ್ಲಿ ಎಷ್ಟು ಪಾಲಿಗೆ ಬಂತು ಎಂದು ಹೋಲಿಸಬೇಕು. ಇದು ಮೊದಲ ಪಾಠ.

ಆಕಸ್ಮಿಕದ ಪಾಲು ಎಷ್ಟು?

ಎರಡನೆಯ ಪಾಠಕ್ಕೆ ಒಂದು ಕಲ್ಪಿತ ಲೆಕ್ಕ ನೋಡೋಣ. ಒಂದು ಮದ್ರಸದ 100 ಮಕ್ಕಳು ಊಟಕ್ಕೆ ಮುನ್ನ ಸಾಬೂನಿನಿಂದ ಕೈ ತೊಳೆಯುತ್ತಾರೆ, ಇನ್ನೊಂದರ 100 ಮಕ್ಕಳು ಬರೀ ನೀರಿನಿಂದ. ಮಳೆಗಾಲದಲ್ಲಿ ಮೊದಲ ಗುಂಪಿನ 20 ಮಕ್ಕಳಿಗೆ, ಎರಡನೆಯ ಗುಂಪಿನ 30 ಮಕ್ಕಳಿಗೆ ಭೇದಿಯಾಯಿತು. ವ್ಯತ್ಯಾಸ ನೂರಕ್ಕೆ 10. ಇದು ಸಾಬೂನಿನಿಂದ ಆದದ್ದೋ, ಆಕಸ್ಮಿಕವೋ?

ಲೆಕ್ಕ ಹೀಗೆ: ಮೊದಲ ಗುಂಪಿನ ಪಾಲು 0.20. ಉಳಿದ ಪಾಲು 0.80. ಎರಡನ್ನೂ ಗುಣಿಸಿ 100ರಿಂದ ಭಾಗಿಸಿದರೆ 0.0016. ಎರಡನೆಯ ಗುಂಪಿನಲ್ಲಿ 0.30 ಮತ್ತು 0.70ರಿಂದ ಹಾಗೆಯೇ 0.0021. ಎರಡನ್ನೂ ಕೂಡಿ ವರ್ಗಮೂಲ ತೆಗೆದರೆ ಸುಮಾರು 0.061. ಅದನ್ನು 1.96ರಿಂದ ಗುಣಿಸಿದರೆ 0.12, ಅಂದರೆ ನೂರಕ್ಕೆ 12. ವ್ಯತ್ಯಾಸವಾದ 10ರಿಂದ 12 ಕಳೆದು, 10ಕ್ಕೆ 12 ಕೂಡಿಸಿ. ಸೊನ್ನೆಗಿಂತ 2 ಕೆಳಗಿನಿಂದ 22ರವರೆಗೆ ಒಂದು ವ್ಯಾಪ್ತಿ ಸಿಗುತ್ತದೆ. ಇದನ್ನೇ ಸಂಖ್ಯಾಶಾಸ್ತ್ರದಲ್ಲಿ ಶೇ. 95ರ ಕಾನ್ಫಿಡೆನ್ಸ್ ಇಂಟರ್ವಲ್, ವಿಶ್ವಾಸದ ವ್ಯಾಪ್ತಿ, ಎನ್ನುತ್ತಾರೆ. ಇದೇ ರೀತಿಯ ಅಧ್ಯಯನವನ್ನು ಮತ್ತೆ ಮತ್ತೆ ಮಾಡಿದರೆ, ಸಿಗುವ ನೂರು ವ್ಯಾಪ್ತಿಗಳಲ್ಲಿ ಸುಮಾರು 95 ನಿಜವಾದ ವ್ಯತ್ಯಾಸವನ್ನು ಒಳಗೊಂಡಿರುತ್ತವೆ ಎಂದು ಇದರ ಅರ್ಥ.

ಈ ವ್ಯಾಪ್ತಿಯೊಳಗೆ ಸೊನ್ನೆ ಇದೆ. ಸೊನ್ನೆ ಎಂದರೆ ವ್ಯತ್ಯಾಸವೇ ಇಲ್ಲ. ಆದ್ದರಿಂದ ಈ ಲೆಕ್ಕದಿಂದ ಖಚಿತವಾಗಿ ಏನನ್ನೂ ಹೇಳಲಾಗದು. ಹಾಗೆಂದು ಸಾಬೂನಿನಿಂದ ಪ್ರಯೋಜನವಿಲ್ಲ ಎಂದು ಸಿದ್ಧವಾಯಿತು ಎನ್ನುವುದೂ ತಪ್ಪು. 22ರಷ್ಟು ದೊಡ್ಡ ಪ್ರಯೋಜನವೂ ಅದೇ ವ್ಯಾಪ್ತಿಯಲ್ಲಿದೆ. ಪ್ರತಿ ಗುಂಪಿನಲ್ಲಿ 1,000 ಮಕ್ಕಳಿದ್ದು ಶೇಕಡಾ ಪ್ರಮಾಣ ಅದೇ ಇದ್ದಿದ್ದರೆ, ವ್ಯಾಪ್ತಿ ಸುಮಾರು 6ರಿಂದ 14ಕ್ಕೆ ಕಿರಿದಾಗುತ್ತಿತ್ತು. ಆಗ ಸೊನ್ನೆ ಹೊರಗುಳಿಯುತ್ತಿತ್ತು. ಜನ ಹೆಚ್ಚಾದಷ್ಟೂ ವ್ಯಾಪ್ತಿ ಕಿರಿದಾಗುತ್ತದೆ.

ಮತ್ತೆ ಮಂಗನ ಕಾಯಿಲೆಗೆ

ಆ ಅಧ್ಯಯನ ವ್ಯತ್ಯಾಸದ ಬದಲು ಅನುಪಾತವನ್ನು ಲೆಕ್ಕ ಹಾಕಿತು. ಲಸಿಕೆ ಪಡೆಯದ ಗುಂಪಿನಲ್ಲಿ 100 ಮಂದಿಗೆ ಕಾಯಿಲೆ ಬರುವಾಗ, ಅಷ್ಟೇ ದೊಡ್ಡ ಬೇರೆ ಗುಂಪಿನಲ್ಲಿ ಎಷ್ಟು ಮಂದಿಗೆ ಬರುತ್ತದೆ? ಇಲ್ಲಿ ವ್ಯತ್ಯಾಸವಿಲ್ಲ ಎಂಬುದರ ಗುರುತು ಸೊನ್ನೆಯಲ್ಲ, 100.

ಬೂಸ್ಟರ್ ಪಡೆದವರಲ್ಲಿ 17. ವ್ಯಾಪ್ತಿ 10ರಿಂದ 29.
ಎರಡು ಡೋಸ್ ಪಡೆದವರಲ್ಲಿ 38. ವ್ಯಾಪ್ತಿ 19ರಿಂದ 74.
ಒಂದೇ ಡೋಸ್ ಪಡೆದವರಲ್ಲಿ 106. ವ್ಯಾಪ್ತಿ 54ರಿಂದ 210.

ಮೊದಲ ಎರಡು ಸಾಲುಗಳಲ್ಲಿ ವ್ಯಾಪ್ತಿ 100ಕ್ಕಿಂತ ಪೂರ್ತಿ ಕೆಳಗಿದೆ. ರಕ್ಷಣೆ ಇತ್ತು ಎನ್ನಲು ಆಧಾರವಿದೆ. ಆದರೆ ಎರಡು ಡೋಸಿನ ವ್ಯಾಪ್ತಿ ಅಗಲವಾಗಿದೆ. ರಕ್ಷಣೆ ನೂರಕ್ಕೆ 81 ಇರಬಹುದು, 26 ಮಾತ್ರವೂ ಇರಬಹುದು. ಮೂರನೆಯ ಸಾಲು ನೋಡಿ ಒಂದು ಡೋಸಿನಿಂದ ಕಾಯಿಲೆ ಹೆಚ್ಚಾಯಿತು ಎಂದು ಸಂದೇಶ ಹರಡಿದರೆ ಅದು ತಪ್ಪು. 9 ರೋಗಿಗಳಿಂದ ಬಂದ ಆ ವ್ಯಾಪ್ತಿ 100ರ ಎರಡೂ ಬದಿಗೆ ಚಾಚಿದೆ.

ಒಂದು ಎಚ್ಚರಿಕೆ: ಈ ವ್ಯಾಪ್ತಿ ಆಕಸ್ಮಿಕವನ್ನು ಮಾತ್ರ ಅಳೆಯುತ್ತದೆ. ತಪ್ಪದೆ ಲಸಿಕೆ ಪಡೆಯುವವರು ಬೇರೆ ಜಾಗ್ರತೆಗಳನ್ನೂ ಹೆಚ್ಚು ಪಾಲಿಸುವವರಾಗಿದ್ದರೆ, ಆ ಭೇದವನ್ನು ಈ ಲೆಕ್ಕ ತಿದ್ದುವುದಿಲ್ಲ.

ಆ ಹಳೆಯ ಲಸಿಕೆ ಈಗ ಬಳಕೆಯಲ್ಲಿಲ್ಲ. ಆದ್ದರಿಂದ ಕಾಡಿಗೆ ಹೋಗುವವರು ಮೈ ತುಂಬ ಬಟ್ಟೆ ಧರಿಸಿ, ಆರೋಗ್ಯ ಇಲಾಖೆ ಕೊಡುವ ತೈಲ ಹಚ್ಚಿಕೊಳ್ಳಿ. ಮರಳಿದ ಮೇಲೆ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ. ಸತ್ತ ಮಂಗ ಕಂಡರೆ ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ.

ಇನ್ನು ಮುಂದೆ ಇಂತಹ ಹೋಲಿಕೆಯ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿ. ಪ್ರತಿ ಗುಂಪಿನಲ್ಲಿ ಒಟ್ಟು ಎಷ್ಟು ಜನರಿದ್ದರು? ವ್ಯಾಪ್ತಿ ಎಲ್ಲಿಂದ ಎಲ್ಲಿಯವರೆಗೆ? ವ್ಯತ್ಯಾಸವಿಲ್ಲ ಎಂಬ ಗುರುತು ಅದರೊಳಗಿದೆಯೇ, ಹೊರಗಿದೆಯೇ? ಉತ್ತರ ಸಿಗದಿದ್ದರೆ ಆ ಸಂದೇಶವನ್ನು ನಿಮ್ಮಲ್ಲೇ ತಡೆಯಿರಿ. ಅದನ್ನು ನಂಬಿ ಔಷಧಿಯನ್ನೋ ಲಸಿಕೆಯನ್ನೋ ಬಿಡುವ ಮೊದಲು ವೈದ್ಯರನ್ನು ಕೇಳಿ. ಆರೋಗ್ಯ ಅಲ್ಲಾಹನು ನಮಗೆ ವಹಿಸಿಕೊಟ್ಟ ಅಮಾನತ್ತು.