ಮನೆಯ ಗಣಕಯಂತ್ರ ಮತ್ತು ವಿಂಡೋಸ್ ಪರವಾನಗಿ: ವರ್ತಕರು ತಿಳಿದಿರಬೇಕಾದ ಅಂಶಗಳು

ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮನೆಗೆ ತಂದ ಗಣಕಯಂತ್ರದಲ್ಲಿಯೇ ರಾತ್ರಿ ಅಂಗಡಿಯ ಲೆಕ್ಕ ಬರೆಯುವುದು, ಜಿ.ಎಸ್.ಟಿ. ರಿಟರ್ನ್ ಸಲ್ಲಿಸುವುದು ದಾವಣಗೆರೆಯ ಮಂಡಿ ವರ್ತಕರಿಗೂ ಹರಿಹರದ ಸಣ್ಣ ಕೈಗಾರಿಕೋದ್ಯಮಿಗಳಿಗೂ ಹೊಸದಲ್ಲ. ಯಂತ್ರದ ಬೆಲೆಯಲ್ಲಿ ಚೌಕಾಶಿ ಮಾಡುವ ನಾವು, ಅದರಲ್ಲಿರುವ ವಿಂಡೋಸ್ ಯಾವ ಬಗೆಯ ಪರವಾನಗಿ ಹೊಂದಿದೆಯೆಂದು ವಿಚಾರಿಸುವುದು ವಿರಳ.

ತಂತ್ರಾಂಶಕ್ಕೆ ಹಣ ತೆತ್ತಾಗ ನಮಗೆ ಲಭಿಸುವುದು ಷರತ್ತುಬದ್ಧ ಬಳಕೆಯ ಹಕ್ಕೇ ಹೊರತು ಒಡೆತನವಲ್ಲ. ಈ ಪರವಾನಗಿಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ.

1. ಒ.ಇ.ಎಂ.: ಹೊಸ ಯಂತ್ರದೊಡನೆ ಬರುವಂಥದು. ಬೆಲೆ ಕಡಿಮೆ, ಆದರೆ ಆ ಯಂತ್ರಕ್ಕೇ ಸೀಮಿತ. ಯಂತ್ರವನ್ನು ಬದಲಿಸಿದರೆ ಪರವಾನಗಿಯನ್ನೂ ಹೊಸದಾಗಿ ಕೊಳ್ಳಬೇಕಾಗುವುದು.

2. ರೀಟೇಲ್: ಪ್ರತ್ಯೇಕವಾಗಿ ಕೊಳ್ಳುವಂಥದು. ಬೆಲೆ ಹೆಚ್ಚು, ಹಳೆಯ ಯಂತ್ರದಿಂದ ತೆಗೆದು ಹೊಸ ಯಂತ್ರಕ್ಕೆ ವರ್ಗಾಯಿಸಬಹುದು. ಏಕಕಾಲಕ್ಕೆ ಒಂದೇ ಯಂತ್ರದಲ್ಲಿ ಬಳಸತಕ್ಕದ್ದು.

3. ವಾಲ್ಯೂಮ್: ಸಂಸ್ಥೆಗಳು ಒಪ್ಪಂದದ ಮೂಲಕ ಅನೇಕ ಯಂತ್ರಗಳಿಗೆ ಪಡೆಯುವಂಥದು. ಇದರ ಕೀಲಿಸಂಖ್ಯೆಯನ್ನು ಬಿಡಿಯಾಗಿ ಮಾರಲು ಅವಕಾಶವಿಲ್ಲ.

ಕೆಲವೇ ನೂರು ರೂಪಾಯಿಗಳಿಗೆ ದೊರೆಯುವ ಕೀಲಿಸಂಖ್ಯೆಯು ಈ ಮೂರನೆಯ ಬಗೆಯದ್ದಾಗಿರುವ ಸಂಭವವುಂಟು. ತೆರೆಯ ಮೇಲೆ ‘ಆ್ಯಕ್ಟಿವೇಟೆಡ್’ ಎಂದು ಕಂಡ ಮಾತ್ರಕ್ಕೆ ಪರವಾನಗಿ ಸಕ್ರಮವೆನ್ನಲಾಗದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಎಸ್‌ಎಲ್‌ಎಂಜಿಆರ್ /ಡಿಎಲ್‌ಐ’ ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನೀಡಿದರೆ ಪರವಾನಗಿಯ ಬಗೆ ತಿಳಿಯುವುದು. ಮನೆಯ ಯಂತ್ರದಲ್ಲಿ ‘ವಾಲ್ಯೂಮ್’ ಎಂದು ಬಂದರೆ ಮಾರಾಟಗಾರರಿಂದ ವಿವರಣೆ ಕೇಳಬೇಕು.

ಇದರ ಕಾನೂನು ಪರಿಣಾಮವು ಗಂಭೀರವಾದುದು. ಕೃತಿಸ್ವಾಮ್ಯ ಅಧಿನಿಯಮ, 1957ರ 63ಬಿ ಪ್ರಕರಣದಂತೆ, ಅಕ್ರಮ ಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಗಣಕದಲ್ಲಿ ಬಳಸಿದವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಕಾರಾಗೃಹವಾಸ ಹಾಗೂ 50,000 ರೂ.ಗಳಿಂದ 2 ಲಕ್ಷ ರೂ.ಗಳವರೆಗೆ ದಂಡ ವಿಧಿಸಬಹುದು. ಲಾಭಕ್ಕಾಗಲೀ ವ್ಯಾಪಾರಕ್ಕಾಗಲೀ ಬಳಸದಿದ್ದಲ್ಲಿ ಮಾತ್ರ, ಕಾರಾಗೃಹವಾಸವಿಲ್ಲದೆ 50,000 ರೂ. ಮೀರದ ದಂಡಕ್ಕೆ ಸೀಮಿತಗೊಳಿಸಲು ನ್ಯಾಯಾಲಯಕ್ಕೆ ಅವಕಾಶವಿದೆ. ಮನೆಯ ಯಂತ್ರದಲ್ಲಿ ಅಂಗಡಿಯ ಲೆಕ್ಕವಿಟ್ಟವರು ಈ ರಿಯಾಯಿತಿಯನ್ನು ನೆಚ್ಚಿಕೊಳ್ಳುವಂತಿಲ್ಲ.

ಹಳೆಯ ಯಂತ್ರ ಕೊಳ್ಳುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ಯಂತ್ರವು ವಿಂಡೋಸ್ 11ಕ್ಕೆ ಅರ್ಹವೇ ಎಂದು ಮೊದಲೇ ಪರೀಕ್ಷಿಸುವುದು ಲೇಸು. ಉಬುಂಟು, ಸಿ-ಡ್ಯಾಕ್ ಸಂಸ್ಥೆಯ ಬಾಸ್ ಮುಂತಾದ ಲಿನಕ್ಸ್ ವ್ಯವಸ್ಥೆಗಳಿಗೆ ಪರವಾನಗಿ ಶುಲ್ಕವಿಲ್ಲ. ಆದರೆ ತಾವು ಬಳಸುವ ಲೆಕ್ಕಪತ್ರ ತಂತ್ರಾಂಶ ಅವುಗಳಲ್ಲಿ ನಡೆಯುವುದೇ ಎಂದು ಖಚಿತಪಡಿಸಿಕೊಂಡು ಮುಂದುವರಿಯಬೇಕು.

ಖರೀದಿಯ ಸಮಯದಲ್ಲಿ ವಿಂಡೋಸ್‌ನ ಆವೃತ್ತಿ ಮತ್ತು ಪರವಾನಗಿಯ ಬಗೆಯನ್ನು ಬಿಲ್ಲಿನಲ್ಲಿಯೇ ನಮೂದಿಸಲು ಕೋರಿ, ಆ ಬಿಲ್ಲನ್ನು ಲೆಕ್ಕಪತ್ರಗಳೊಡನೆ ಜೋಪಾನವಾಗಿಡಬೇಕೆಂದು ವರ್ತಕ ಬಂಧುಗಳಲ್ಲಿ ವಿನಂತಿ.