ಎಳೆಯ ಬೌಲರ್‌ನ ಹೆಗಲು ಮತ್ತು ಬೆನ್ನು

ನಿಮ್ಮ ಮಗನಿಗೆ ಹದಿಮೂರೋ ಹದಿನಾಲ್ಕೋ ವಯಸ್ಸು. ಚೆಂಡನ್ನು ವೇಗವಾಗಿ ಎಸೆಯುತ್ತಾನೆಂದು ತರಬೇತುದಾರರು ಬೆನ್ನು ತಟ್ಟಿದ್ದಾರೆ. ಮೈಸೂರಿನ ಮನೆಯಾದರೆ ಆಗ ನೆನಪಾಗುವ ಹೆಸರು ಒಂದೇ: ಜಾವಗಲ್ ಶ್ರೀನಾಥ್.

ಮರಿಮಲ್ಲಪ್ಪ ಶಾಲೆಯಲ್ಲಿ ಓದಿ, ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಕಲಿತ ಅವರು 1989-90ರ ಸಾಲಿನಲ್ಲಿ ಹೈದರಾಬಾದ್ ವಿರುದ್ಧ ಆಡಿದ ತಮ್ಮ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್ ಪಡೆದರು. 1991ರಲ್ಲಿ ಬ್ರಿಸ್ಬೇನ್‌ನಲ್ಲಿ ಮೊದಲ ಟೆಸ್ಟ್ ಆಡಿದಾಗ ವಯಸ್ಸು 22. ಆದರೂ ಸ್ವದೇಶದಲ್ಲಿ ಟೆಸ್ಟ್ ಆಡಲು 1994ರವರೆಗೆ ಕಾಯಬೇಕಾಯಿತು. 1995ರಲ್ಲಿ ವೃತ್ತಿಪರ ಆಟಗಾರರಾಗಿ ಇಂಗ್ಲೆಂಡಿನ ಗ್ಲೌಸ್ಟರ್‌ಷೈರ್ ಕೌಂಟಿ ಸೇರಿ ಒಂದೇ ಋತುವಿನಲ್ಲಿ 87 ವಿಕೆಟ್ ಕಿತ್ತರು. 1997ರಲ್ಲಿ ಹೆಗಲು ಕೈಕೊಟ್ಟಿತು. ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು, ಶಸ್ತ್ರಚಿಕಿತ್ಸೆಯಾಯಿತು, ತಿಂಗಳುಗಟ್ಟಲೆ ಆಟವಿಲ್ಲ. ಮರಳಿ ಬಂದು 2003ರವರೆಗೆ ಆಡಿದರು. ಒಟ್ಟು 236 ಟೆಸ್ಟ್ ವಿಕೆಟ್, 315 ಏಕದಿನ ವಿಕೆಟ್.

ಅವರಿಗೆ ತೊಂದರೆ ಕೊಟ್ಟ ಭಾಗ ರೊಟೇಟರ್ ಕಫ್. ಹೆಗಲಿನ ಕೀಲಿನ ಬಟ್ಟಲು ಬಹಳ ಆಳವಿಲ್ಲದ್ದು. ತೋಳಿನ ಮೂಳೆಯ ಗುಂಡು ತಲೆ ಅದರಿಂದ ಜಾರದಂತೆ ನಾಲ್ಕು ಸ್ನಾಯುಗಳು ಸುತ್ತ ಹಿಡಿದಿರುತ್ತವೆ. ಚೆಂಡು ಕೈಬಿಟ್ಟ ಮೇಲೆ ವೇಗವಾಗಿ ಬೀಸುವ ತೋಳಿಗೆ ಬ್ರೇಕ್ ಹಾಕುವ ಕೆಲಸವೂ ಇವುಗಳದ್ದೇ. ದಣಿದ ಸ್ನಾಯುವಿಗೆ ಮತ್ತೆ ಮತ್ತೆ ಇದೇ ಕೆಲಸ ಕೊಟ್ಟರೆ ಅದರ ರಜ್ಜು ಉರಿಯುತ್ತದೆ, ಕೊನೆಗೆ ಹರಿಯುತ್ತದೆ.

ಬೆಳೆಯುವ ಮಕ್ಕಳಲ್ಲಿ ಹೆಗಲಿಗಿಂತ ಹೆಚ್ಚು ಚಿಂತೆ ಸೊಂಟದ ಬೆನ್ನೆಲುಬಿನದು. ಬೌಲ್ ಮಾಡುವಾಗ ಮುಂಗಾಲು ನೆಲಕ್ಕೆ ಅಪ್ಪಳಿಸಿದ ಕ್ಷಣ ದೇಹದ ತೂಕದ ಹಲವು ಪಟ್ಟು ಬಲ ಮೇಲೇರುತ್ತದೆ. ಅದೇ ಹೊತ್ತಿಗೆ ಬೆನ್ನು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ ತಿರುಚುತ್ತದೆ. ಇನ್ನೂ ಗಟ್ಟಿಯಾಗದ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟುವುದು ಹೀಗೆ. ಬಲಗೈ ಬೌಲರನಿಗೆ ಸಾಮಾನ್ಯವಾಗಿ ನೋವು ಎಡಭಾಗದಲ್ಲಿ. ಹಿಂದಕ್ಕೆ ಬಾಗಿದರೆ ಹೆಚ್ಚಾಗುತ್ತದೆ. ಮೊದಮೊದಲು ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು, ಎಂಆರ್‌ಐ ಬೇಕಾದೀತು. ಬೇಗ ಗುರುತಿಸಿದರೆ ಕೆಲವು ತಿಂಗಳ ವಿಶ್ರಾಂತಿ ಮತ್ತು ವ್ಯಾಯಾಮದಿಂದ ಅನೇಕರಿಗೆ ಕೂಡಿಕೊಳ್ಳುತ್ತದೆ. ನೋವಿನ ಮಾತ್ರೆ ನುಂಗಿಸಿ ‘ಇದೊಂದು ಪಂದ್ಯ ಆಡಿಬಿಡು’ ಎನ್ನುವ ತಂದೆಯರೂ ಇದ್ದಾರೆ. ಎದುರಾಳಿ ತಂಡದವರೂ ಹುಡುಗನಿಗೆ ಅಷ್ಟು ಕೇಡು ಬಯಸಲಾರರು.

ಎಷ್ಟು ಎಸೆಯಬಹುದು? ಇಂಗ್ಲೆಂಡಿನ ಕ್ರಿಕೆಟ್ ಮಂಡಳಿಯ ನಿಯಮ ನಮಗೂ ಒಳ್ಳೆಯ ಅಳತೆಗೋಲು. 13ರೊಳಗಿನ ವೇಗದ ಬೌಲರನಿಗೆ ಒಂದು ಸರದಿಯಲ್ಲಿ 5 ಓವರ್, ದಿನಕ್ಕೆ 10. 14-15ರ ವಯೋಮಿತಿಯವರಿಗೆ 6 ಮತ್ತು 12. ನಮ್ಮಲ್ಲಿ ತೊಡಕೆಂದರೆ, ಒಬ್ಬನೇ ಹುಡುಗ ಶಾಲೆಗೂ ಕ್ಲಬ್ಬಿಗೂ ವಲಯ ತಂಡಕ್ಕೂ ಆಡುತ್ತಾನೆ. ಒಬ್ಬ ತರಬೇತುದಾರರ ಲೆಕ್ಕ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಲೆಕ್ಕದ ಪುಸ್ತಕ ಮನೆಯಲ್ಲಿರಲಿ. ನೆಟ್ ಅಭ್ಯಾಸದ ಚೆಂಡುಗಳನ್ನೂ ಅದರಲ್ಲಿ ಬರೆಯಿರಿ. ಹುಡುಗ ದಿಢೀರನೆ ಉದ್ದವಾಗುತ್ತಿರುವ ತಿಂಗಳುಗಳಲ್ಲಿ ಲೆಕ್ಕ ಇನ್ನೂ ಬಿಗಿಯಾಗಲಿ.

ಊಟದ ವಿಷಯದಲ್ಲಿ ದುಬಾರಿ ಡಬ್ಬಿಗಳ ಹಿಂದೆ ಹೋಗಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಜೊತೆಗೆ ಹಾಲು, ಮೊಸರು, ಬೇಳೆಕಾಳು, ತಿನ್ನುವವರಾದರೆ ಮೊಟ್ಟೆ. ನಿದ್ರೆ ಎಂಟು ಗಂಟೆಗೆ ಕಡಿಮೆಯಾಗದಿರಲಿ.

ಆಡಿದ ಮರುದಿನವೂ ಸೊಂಟದ ಒಂದೇ ಬದಿ ನೋಯುತ್ತಿದ್ದರೆ, ಅಥವಾ ರಾತ್ರಿ ಹೆಗಲಿನ ನೋವಿಗೆ ಎಚ್ಚರವಾಗುತ್ತಿದ್ದರೆ, ಬೌಲಿಂಗ್ ನಿಲ್ಲಿಸಿ ಮೂಳೆತಜ್ಞರಿಗೆ ತೋರಿಸಿ.