ಹೃದಯನಾಳದ ಚಿಕಿತ್ಸೆಯಲ್ಲಿ ಹೆಪ್ಪು ತಡೆಯುವ ಔಷಧ: ಅರಿವೇ ರಕ್ಷೆ

ಕಾಯಕಕ್ಕೆ ಕಾಯವೇ ಆಧಾರ. ಆ ಕಾಯಕ್ಕೆ ಹೃದಯ ಆಧಾರ. ಹೃದಯದ ಸ್ನಾಯುಗಳಿಗೆ ರಕ್ತವನ್ನು ಒದಗಿಸುವ ನಾಳಗಳಲ್ಲೊಂದು ಹಠಾತ್ತನೆ ಮುಚ್ಚಿಕೊಂಡರೆ ಹೃದಯಾಘಾತ ಸಂಭವಿಸುತ್ತದೆ. ಅಂಥ ನಾಳವನ್ನು ಬಲೂನಿನಿಂದ ಹಿಗ್ಗಿಸಿ, ಸ್ಟೆಂಟ್ ಎಂಬ ಸೂಕ್ಷ್ಮ ಜಾಲರಿಯನ್ನು ಕೂರಿಸುವ ಆಂಜಿಯೋಪ್ಲಾಸ್ಟಿ ಚಿಕಿತ್ಸೆಯನ್ನು ಸದ್ಭಕ್ತರಲ್ಲಿ ಹಲವರು ಬಲ್ಲರು. ಆದರೆ ಆ ವೇಳೆಯಲ್ಲಿ ಕೆಲವರಿಗೆ ನೀಡಬೇಕಾಗುವ ಒಂದು ಪ್ರಬಲ ಔಷಧದ ವಿಷಯ ಬಲ್ಲವರು ವಿರಳ.

ಔಷಧದ ಅಗತ್ಯ

ಗಾಯವಾದಾಗ ರಕ್ತದಲ್ಲಿನ ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟಿಕೊಂಡು ರಕ್ತಸ್ರಾವವನ್ನು ತಡೆಯುತ್ತವೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಈ ಕಣಗಳಿರುತ್ತವೆ. ಬಲೂನು ಹಿಗ್ಗಿದಾಗ ನಾಳದ ಒಳಪದರಕ್ಕೆ ಪೆಟ್ಟಾಗುವುದರಿಂದ, ಅದನ್ನೂ ಗಾಯವೆಂದೇ ತಿಳಿದು ಅವು ಅಲ್ಲಿ ಮುತ್ತುತ್ತವೆ. ಆಗ ತೆರೆದ ನಾಳ ಮತ್ತೆ ಮುಚ್ಚುವ ಅಪಾಯವಿದೆ. ಇದನ್ನು ತಡೆಯಲು ಆಸ್ಪಿರಿನ್ ಮೊದಲಾದ ಮಾತ್ರೆಗಳನ್ನು ಕೊಡುತ್ತಾರೆ. ನಾಳದಲ್ಲಿ ಹೆಪ್ಪು ಹೆಚ್ಚಾಗಿದ್ದು, ಮಾತ್ರೆಯ ಪರಿಣಾಮಕ್ಕಾಗಿ ಕಾಯಲು ಸಮಯವಿಲ್ಲದಿದ್ದರೆ, ಟೈರೋಫಿಬಾನ್‌ನಂತಹ ಔಷಧವನ್ನು ನೇರವಾಗಿ ರಕ್ತಕ್ಕೆ ಹರಿಸುತ್ತಾರೆ. ಇದು ಎಲ್ಲರಿಗೂ ಬೇಕಾಗುವುದಿಲ್ಲ.

ಗರಗಸ ಮಂಡಲದ ಹಾವಿನ ವಿಷದಲ್ಲಿರುವ ಒಂದು ಪ್ರೋಟೀನನ್ನು ಮಾದರಿಯಾಗಿಟ್ಟುಕೊಂಡು ಈ ಔಷಧವನ್ನು ರೂಪಿಸಲಾಯಿತು. 1998ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆಯಿತು. ಪ್ಲೇಟ್‌ಲೆಟ್‌ಗಳು ಪರಸ್ಪರ ಬೆಸೆದುಕೊಳ್ಳುವ ಕೊಂಡಿಯನ್ನೇ ಇದು ಮುಚ್ಚಿಬಿಡುತ್ತದೆ. ನಾಳವನ್ನು ತೆರೆದಿಡುವ ಈ ಗುಣವೇ ದೇಹದ ಬೇರೆಡೆ ರಕ್ತಸ್ರಾವಕ್ಕೂ ಕಾರಣವಾಗಬಲ್ಲದು.

ಪ್ರಮಾಣದ ಸೂಕ್ಷ್ಮತೆ

ಇದರ ಪ್ರಮಾಣವು ರೋಗಿಯ ತೂಕವನ್ನು ಅವಲಂಬಿಸಿದೆ. ಮೊದಲ ಐದು ನಿಮಿಷದೊಳಗೆ ಪ್ರತಿ ಕಿಲೋ ತೂಕಕ್ಕೆ 25 ಮೈಕ್ರೋಗ್ರಾಂ, ಅನಂತರ ನಿಮಿಷಕ್ಕೆ 0.15 ಮೈಕ್ರೋಗ್ರಾಂನಂತೆ 18 ಗಂಟೆಗಳವರೆಗೆ ಕೊಡುವುದು ರೂಢಿ. ಔಷಧವು ಬಹುಪಾಲು ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ, ಮೂತ್ರಪಿಂಡದ ಶಕ್ತಿ ಕುಂದಿದವರಿಗೆ ಹರಿಸುವ ವೇಗವನ್ನು ಅರ್ಧಕ್ಕಿಳಿಸಬೇಕು. ಆದುದರಿಂದ ತೂಕವನ್ನು ಅಂದಾಜಿನಿಂದ ಹೇಳದೆ, ಸಾಧ್ಯವಿದ್ದಲ್ಲಿ ತೂಗಿಸಿಯೇ ತಿಳಿಸುವುದು ಲೇಸು.

ವೈದ್ಯರಿಗೆ ಮುಚ್ಚಿಡದೆ ಹೇಳಬೇಕಾದವು

1. ಕಪ್ಪು ಮಲ, ರಕ್ತವಾಂತಿ ಅಥವಾ ಮಿದುಳಿನ ರಕ್ತಸ್ರಾವ ಎಂದಾದರೂ ಆಗಿದ್ದರೆ.
2. ಕಳೆದ ಒಂದು ತಿಂಗಳಲ್ಲಿ ದೊಡ್ಡ ಶಸ್ತ್ರಚಿಕಿತ್ಸೆ ಅಥವಾ ತೀವ್ರ ಪೆಟ್ಟು ಆಗಿದ್ದರೆ.
3. ಮೂತ್ರಪಿಂಡದ ಕಾಯಿಲೆಯಿದ್ದರೆ.
4. ಇತ್ತೀಚೆಗೆ ಡೆಂಗ್ಯೂ ಬಂದಿದ್ದರೆ, ಅಥವಾ ಪ್ಲೇಟ್‌ಲೆಟ್ ಸಂಖ್ಯೆ ಹಿಂದೆಂದಾದರೂ ಕುಸಿದಿದ್ದರೆ.
5. ರಕ್ತ ತಿಳಿಗೊಳಿಸುವ ಮಾತ್ರೆ, ಮಂಡಿನೋವಿನ ಮಾತ್ರೆ, ನಾಟಿ ಔಷಧಿ ಏನನ್ನೇ ಸೇವಿಸುತ್ತಿದ್ದರೂ.

ಆತುರದ ಗಳಿಗೆಯಲ್ಲಿ ರೋಗಿಗೆ ಮಾತನಾಡುವ ಚೈತನ್ಯವಿರದು. ಮನೆಯವರು ಈ ವಿವರಗಳನ್ನೊಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರೆ ಅದೇ ದೊಡ್ಡ ನೆರವು.

ಚಿಕಿತ್ಸೆಯ ಅನಂತರ

ಕೈ ಅಥವಾ ತೊಡೆಯಲ್ಲಿ ನಾಳ ಚುಚ್ಚಿದ ಭಾಗವನ್ನು ವೈದ್ಯರು ಹೇಳಿದಷ್ಟು ಹೊತ್ತು ಮಡಚಬಾರದು. ಔಷಧ ಆರಂಭಿಸಿದ ಸುಮಾರು ಆರು ಗಂಟೆಗೆ, ಬಳಿಕ ಅದು ಹರಿಯುತ್ತಿರುವವರೆಗೆ ದಿನಕ್ಕೊಮ್ಮೆ ಪ್ಲೇಟ್‌ಲೆಟ್ ಎಣಿಕೆ ನಡೆಯುತ್ತದೆ. ಪದೇ ಪದೇ ರಕ್ತ ತೆಗೆಯುವರೆಂದು ಬೇಸರಿಸುವುದು ಸಲ್ಲದು. ಅಪರೂಪಕ್ಕೆ ಈ ಸಂಖ್ಯೆ ಹಠಾತ್ತನೆ ಕುಸಿಯುವುದುಂಟು. ಚುಚ್ಚಿದ ಸ್ಥಳದಲ್ಲಿ ಊತ, ವಸಡು ಅಥವಾ ಮೂಗಿನಿಂದ ರಕ್ತ, ಕೆಂಪು ಮೂತ್ರ, ತೀವ್ರ ಸೊಂಟನೋವು, ತಲೆನೋವು, ಮಾತಿನ ತೊದಲು ಕಂಡಲ್ಲಿ ಒಡನೆಯೇ ದಾದಿಯರಿಗೆ ತಿಳಿಸಬೇಕು.

ಹರಿಸುವುದನ್ನು ನಿಲ್ಲಿಸಿದ ನಾಲ್ಕರಿಂದ ಎಂಟು ಗಂಟೆಗಳಲ್ಲಿ ಇದರ ಪ್ರಭಾವ ಬಹುಮಟ್ಟಿಗೆ ಇಳಿದುಹೋಗುತ್ತದೆ. ಮುಂದೆ ಸ್ಟೆಂಟನ್ನು ಕಾಯುವುದು ದಿನನಿತ್ಯದ ಮಾತ್ರೆಗಳೇ. ಹೃದಯಾಘಾತವಾದವರಿಗೆ ಸಾಮಾನ್ಯವಾಗಿ ಎರಡು ಬಗೆಯ ಮಾತ್ರೆಗಳನ್ನು ಒಂದು ವರ್ಷದವರೆಗೆ ಸೂಚಿಸುತ್ತಾರೆ. ಶಿವರಾತ್ರಿಯ ಉಪವಾಸವೆಂದು ಅವನ್ನು ಬಿಡಬಾರದು. ಹಲ್ಲು ಕೀಳಿಸಬೇಕೆಂದು ಹೃದ್ರೋಗ ತಜ್ಞರನ್ನು ಕೇಳದೆ ನಿಲ್ಲಿಸಲೂಬಾರದು. ನೀರು ಕುಡಿದು ಮಾತ್ರೆ ಸೇವಿಸಿದರೆ ವ್ರತಕ್ಕೆ ಭಂಗವಿಲ್ಲ. ಮಾತ್ರೆ ತಪ್ಪಿದರೆ ಪ್ರಾಣಕ್ಕೇ ಅಪಾಯವುಂಟು.

ಔಷಧದ ಆಯ್ಕೆ ವೈದ್ಯರ ಹೊಣೆ. ಅವರಿಗೆ ಸತ್ಯವನ್ನು ಪೂರ್ಣವಾಗಿ ತಿಳಿಸುವುದು ನಮ್ಮ ಹೊಣೆ. ಇವೆರಡೂ ಕೂಡಿದಾಗ ಚಿಕಿತ್ಸೆ ಸುರಕ್ಷಿತವಾಗುತ್ತದೆ. ಎಲ್ಲರಿಗೂ ಆರೋಗ್ಯ ಭಾಗ್ಯವಿರಲಿ.